ಮೂರು ಬೇಸಿಗೆ ಹಾರಿಸಿದ ಮೇಲೆ: ಎರಡು ದಾರದ ಡೆಲ್ಟಾ ಗಾಳಿಪಟ

ರೆಕ್ಕೆಯ ಅಗಲ 2.3 ಮೀಟರ್, ತೂಕ ಸುಮಾರು 330 ಗ್ರಾಂ, ಕಾರ್ಬನ್ ಕಡ್ಡಿ, ಪಾಲಿಯೆಸ್ಟರ್ ರಿಪ್‌ಸ್ಟಾಪ್ ಬಟ್ಟೆ (ಹರಕು ಹಬ್ಬದಂತೆ ಚೌಕಚೌಕವಾಗಿ ದಪ್ಪ ಎಳೆ ಸೇರಿಸಿ ನೇಯ್ದದ್ದು), 25 ಮೀಟರ್ ಉದ್ದದ ಎರಡು ಡೈನೀಮಾ ದಾರ (ತೆಳುವಾದರೂ ಬಲು ಗಟ್ಟಿಯಾದದ್ದು). ಮಧ್ಯಮ ಬೆಲೆಯ ಈ ಡೆಲ್ಟಾ, ಅಂದರೆ ತ್ರಿಕೋನಾಕಾರದ, ಪಟ ಮೂರು ಬೇಸಿಗೆ ಹಾರಿದ್ದು ಅಮೆರಿಕದ ನಾರ್ತ್ ಕೆರೊಲಿನಾದ ಜಾಕೀಸ್ ರಿಡ್ಜ್ ಮರಳುದಿಬ್ಬದಲ್ಲಿ. ಧೈರ್ಯವಾಗಿ ಕೊಳ್ಳಬಹುದು. ಆದರೆ ಅಂಗಡಿಯವರು ಕಡ್ಡಿಯನ್ನು ಎಷ್ಟೇ ಹೊಗಳಲಿ, ನೀವು ಬಟ್ಟೆಯನ್ನೂ ಪಟಕ್ಕೆ ದಾರ ಸಿಕ್ಕಿಸುವ ಸೂತ್ರವನ್ನೂ ನೋಡಿ.

ಈ ಜಾತಿಯ ರೆಕ್ಕೆಗೆ ಆಕಾರ ಕೊಡುವುದು ಗಾಳಿಯೇ. ಫ್ರಾನ್ಸಿಸ್ ಮತ್ತು ಗರ್ಟ್ರೂಡ್ ರೊಗಾಲೊ ದಂಪತಿ 1948ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ ಪಟದಲ್ಲಿ ಒಂದು ಕಡ್ಡಿಯೂ ಇರಲಿಲ್ಲ. ಅಡುಗೆಮನೆಯ ಪರದೆ ಬಟ್ಟೆಗೆ ದಾರಗಳನ್ನು ಕಟ್ಟಿ, ಗಾಳಿ ತುಂಬಿದಾಗ ರೆಕ್ಕೆಯಾಗುವಂತೆ ಮಾಡಿದ್ದರು. ಮನುಷ್ಯ ನೇತಾಡಿಕೊಂಡು ಹಾರುವ ಹ್ಯಾಂಗ್ ಗ್ಲೈಡರ್ ಬೆಳೆದದ್ದು ಆ ರೆಕ್ಕೆಯಿಂದ. ಅದನ್ನು ಹಾರಿಸಲು ಇದೇ ದಿಬ್ಬದಲ್ಲಿ ಈಗಲೂ ಕಲಿಸುತ್ತಾರೆ. ಡೆಲ್ಟಾ ಪಟದಲ್ಲಿ ಕಡ್ಡಿ ಇರುವುದು ಬಟ್ಟೆಯ ಅಂಚನ್ನು ಬಿಗಿಯಾಗಿ ಹಿಡಿಯಲು. ಹೊಟ್ಟೆ ಉಬ್ಬಿ ರೆಕ್ಕೆಯಾಗುವ ಕೆಲಸ ಬಟ್ಟೆಯದೇ.

ಊರಲ್ಲಿ ಬಿದಿರುಕಡ್ಡಿಯ ಪಟಕ್ಕೆ ಸೂತ್ರ ಕಟ್ಟಿದವರಿಗೆ ಇದರ ಮರ್ಮ ಬೇಗ ತಿಳಿಯುತ್ತದೆ. ಬಾಲಂಗೋಚಿ ಇಲ್ಲಿಲ್ಲ, ತೂಕ ತಪ್ಪಿದರೆ ಸರಿಮಾಡಲು ಸೂತ್ರವೊಂದೇ ದಾರಿ. ಎಡಕ್ಕೊಂದು ಸೂತ್ರ, ಬಲಕ್ಕೊಂದು, ಪ್ರತಿಯೊಂದಕ್ಕೂ ಕಡ್ಡಿಗೆ ಕಟ್ಟಿದ ಮೂರು ಎಳೆ. ದಾರ ಸಿಕ್ಕಿಸುವ ಗಂಟನ್ನು ಮೂತಿಯ ಕಡೆ 5 ಮಿಲಿಮೀಟರ್ ಸರಿಸಿ: ಪಟ ಬೇಗ ಏರುತ್ತದೆ, ಎಳೆತ ಕಡಿಮೆಯಾಗುತ್ತದೆ, ತಿರುವು ಅಗಲವಾಗುತ್ತದೆ. ಬಾಲದ ಕಡೆ ಅಷ್ಟೇ ಸರಿಸಿದರೆ ಎಳೆತ ಹೆಚ್ಚಿ ತಿರುವು ಚುರುಕಾಗುತ್ತದೆ, ಆದರೆ ಮೇಲೇಳಲು ಸತಾಯಿಸುತ್ತದೆ. ಒಮ್ಮೆಗೆ 5 ಮಿಲಿಮೀಟರಿಗಿಂತ ಹೆಚ್ಚು ಸರಿಸಬೇಡಿ. ಕಾರ್ಖಾನೆಯ ಗುರುತಿನ ಪಕ್ಕ ಪೆನ್ನಿನಲ್ಲಿ ನಿಮ್ಮದೊಂದು ಗುರುತು ಹಾಕಿಕೊಳ್ಳಿ.

"ಪಟ ಒಂದೇ ಕಡೆ ವಾಲುತ್ತದೆ" ಎಂಬ ದೂರಿಗೆ ಸುಲಭದ ಪರೀಕ್ಷೆಯಿದೆ. ಎರಡು ದಾರಗಳನ್ನು ಅದಲುಬದಲು ಮಾಡಿ ಹಾರಿಸಿ. ವಾಲುವ ದಿಕ್ಕು ಬದಲಾದರೆ ದಾರದ ಉದ್ದದಲ್ಲಿ ವ್ಯತ್ಯಾಸವಿದೆ. ಬದಲಾಗದಿದ್ದರೆ ತಪ್ಪು ಸೂತ್ರದಲ್ಲೋ ಕಡ್ಡಿಯಲ್ಲೋ ಇದೆ. ಹೊಸ ದಾರ ಮೊದಲ ಕೆಲವು ಸಲ ಹಾರಿಸುವಾಗ ಹಿಗ್ಗುತ್ತದೆ, ಎರಡೂ ಒಂದೇ ಸಮ ಹಿಗ್ಗುವುದಿಲ್ಲ. ಎರಡರ ತುದಿಯನ್ನೂ ಒಂದೇ ಗೂಟಕ್ಕೆ ಸಿಕ್ಕಿಸಿ, ಜೋರಾಗಿ ಜಗ್ಗಿ, ಉದ್ದವಿರುವ ಕಡೆಯ ಗಂಟನ್ನು ಸರಿಸಿದರೆ ಮುಗಿಯಿತು. ಗಂಟು ಹಾಕುವ ಜಾಗದಲ್ಲಿ ದಾರದ ಮೇಲೆ ನೂಲಿನ ಕೊಳವೆಯಂಥ ಹೊದಿಕೆ ಇರಲೇಬೇಕು, ಇಲ್ಲವಾದರೆ ಜಾರುವ ಡೈನೀಮಾ ತನ್ನ ಗಂಟಿನಲ್ಲೇ ತುಂಡಾಗುತ್ತದೆ.

ಕಡ್ಡಿ ಮುರಿಯುವುದು ಬಹುಪಾಲು ಮೂತಿ ಕೆಳಗಾಗಿ ನೆಲಕ್ಕೆ ಬಡಿದಾಗ. ಮೊದಲು ಹೋಗುವುದು ಕೆಳಗಿನ ಅಡ್ಡಕಡ್ಡಿ, ಅದೂ ನಡುವಿನ ಟಿ ಜೋಡಣೆಯ ಹತ್ತಿರ. ಬೀಳುವುದು ಖಚಿತವೆನಿಸಿದ ಕೂಡಲೇ ಕೈಗಳನ್ನು ಮುಂದೆ ಚಾಚಿ ಪಟದ ಕಡೆಗೆ ಮೂರು ನಾಲ್ಕು ಹೆಜ್ಜೆ ಓಡಿ. ದಾರ ಸಡಿಲಾದರೆ ಬಟ್ಟೆಯಲ್ಲಿನ ಗಾಳಿ ಸೋರಿ, ಪೆಟ್ಟು ಅರ್ಧಕ್ಕರ್ಧ ಇಳಿಯುತ್ತದೆ. ಹೆದರಿ ಹಿಂದಕ್ಕೆ ಎಳೆಯುವುದೇ ಎಲ್ಲರೂ ಮಾಡುವ ತಪ್ಪು. ಬದಲಿ ಕಡ್ಡಿ ಕತ್ತರಿಸುವಾಗ ಆ ಜಾಗಕ್ಕೆ ಟೇಪ್ ಸುತ್ತಿ, ಸಣ್ಣ ಹಲ್ಲಿನ ಗರಗಸ ಬಳಸಿ, ಮೂಗಿಗೆ ಮಾಸ್ಕ್ ಹಾಕಿ. ಕಾರ್ಬನ್ ಸಿಬಿರು ಚರ್ಮಕ್ಕೆ ಹೊಕ್ಕರೆ ತೆಗೆಯುವುದು ಕಷ್ಟ.

ಬಟ್ಟೆಯ ಸವೆತ ಕಣ್ಣಿಗೆ ಬೀಳದೆ ನಡೆಯುತ್ತದೆ. ಮೂರನೆಯ ಬೇಸಿಗೆಯ ಕೊನೆಗೆ ಈ ಪಟವನ್ನು ಬೆಳಕಿಗೆ ಹಿಡಿದರೆ, ಬಟ್ಟೆಯನ್ನು ಹಿಂದಕ್ಕೆ ತಳ್ಳುವ ಸಣ್ಣ ಕಡ್ಡಿಗಳ ಸುತ್ತ ರಿಪ್‌ಸ್ಟಾಪ್ ಚೌಕಗಳನ್ನು ದಾಟಿ ಹೋಗುವ ಬಿಳಿ ಗೆರೆಗಳು ಕಾಣುತ್ತವೆ. ಮೂತಿಯ ದಪ್ಪ ಪಟ್ಟಿ ಮರಳಿಗೆ ಉಜ್ಜಿ ನಾರುನಾರಾಗಿದೆ. ಗೆರೆ ಎದ್ದ ಜಾಗಕ್ಕೆ ತುಟಿ ಒತ್ತಿ ಊದಿದರೆ ಉಸಿರು ಆಚೆ ಬರುತ್ತದೆ; ಹೊಸದರಲ್ಲಿ ಬರುತ್ತಿರಲಿಲ್ಲ. ಗಂಟೆಗೆ 10 ಕಿಲೋಮೀಟರ್ ಗಾಳಿಗೆ ಏಳುತ್ತಿದ್ದ ಪಟಕ್ಕೆ ಈಗ 13 ಬೇಕು. ಬಿಸಿಲೇ ಮುಖ್ಯ ಶತ್ರು, ಆದ್ದರಿಂದ ಹಾರಿಸದಿರುವಾಗ ಮರಳ ಮೇಲೆ ಹರಡಿಡಬೇಡಿ. 2 ಸೆಂಟಿಮೀಟರಿಗಿಂತ ಚಿಕ್ಕ ಹರಕಿಗೆ ಅಂಟುವ ರಿಪ್‌ಸ್ಟಾಪ್ ತೇಪೆ ಎರಡೂ ಬದಿಗೆ ಸಾಕು. ತೇಪೆಯ ಮೂಲೆಗಳನ್ನು ದುಂಡಗೆ ಕತ್ತರಿಸಿ, ಇಲ್ಲದಿದ್ದರೆ ಮೂಲೆಯಿಂದಲೇ ಏಳುತ್ತದೆ. ಸಮುದ್ರದ ಗಾಳಿಯಲ್ಲಿ ಹಾರಿಸಿದ ದಿನ ಸಿಹಿನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಟಿ ಜೋಡಣೆಯೊಳಗಿನ ಮರಳನ್ನು ಊದಿ ತೆಗೆಯದಿದ್ದರೆ ಕಡ್ಡಿ ಅಲ್ಲೇ ಕಚ್ಚಿಕೊಳ್ಳುತ್ತದೆ. ಬಟ್ಟೆ ಹಿಗ್ಗಿ ರೆಕ್ಕೆಯ ಅಂಚು ಸಡಿಲಾಗಿದ್ದರೆ ತುದಿಯ ಇಲಾಸ್ಟಿಕ್ ಗಂಟನ್ನು ಒಂದಿಷ್ಟು ಒಳಕ್ಕೆ ಕಟ್ಟಿ.

ದಿಬ್ಬದ ಹಿಂಬದಿಯಲ್ಲಿ ಗಾಳಿ ಸುರುಳಿ ಸುತ್ತುತ್ತದೆ, ಅಲ್ಲಿ ಯಾವ ಪಟವೂ ನೆಟ್ಟಗೆ ನಿಲ್ಲದು. ಗಾಳಿ ಎದುರಾಗುವ ಬದಿಯಲ್ಲಿ ನಿಂತು ಹಾರಿಸಿ.

ಬಿಗಿದ ಡೈನೀಮಾ ಚರ್ಮ ಸೀಳುತ್ತದೆ. ಹಾರಿಸುವವರ ಮುಂದಿನ 30 ಮೀಟರ್ ಜಾಗದಲ್ಲಿ ಯಾರೂ ಓಡಾಡಬಾರದು, ಮಕ್ಕಳಂತೂ ಖಂಡಿತ ಬೇಡ. ರಜೆಗೆ ಊರಿಗೆ ಒಯ್ಯುವ ಯೋಚನೆಯಿದ್ದವರು ಗಮನಿಸಿ: ಗಾಳಿಪಟಕ್ಕೆ ನೈಲಾನ್ ಮತ್ತಿತರ ಸಿಂಥೆಟಿಕ್ ದಾರ ಬಳಸುವುದನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲಿ ಭಾರತದಾದ್ಯಂತ ನಿಷೇಧಿಸಿದೆ. ಡೈನೀಮಾ ಕೂಡ ಸಿಂಥೆಟಿಕ್ ದಾರವೇ.