ನಮ್ಮ ಮಹಡಿ ಕಟ್ಟಿದ ಮೇಸ್ತ್ರಿ ತಂಡ: ಕೆಲಸವೂ ಮಾತೂ

ಮೈಸೂರಿನ ನಮ್ಮ ಮನೆಯ ಮೇಲೆ 9 ಚದರದ ಒಂದು ಮಹಡಿ ಏರಿಸಲು, ಸಾಮಾನು ನಮ್ಮದು, ಕೂಲಿ ಅವರದು ಎಂಬ ಕರಾರಿನ ಮೇಲೆ ಒಬ್ಬ ಮೇಸ್ತ್ರಿಗೆ ಕೆಲಸ ವಹಿಸಿದ್ದೆವು. ಈಗ ಒಂದು ಮಳೆಗಾಲ ಕಳೆದಿದ್ದು, ಸೂರು ಎಲ್ಲಿಯೂ ಸೋರಿಲ್ಲ. ಆದರೆ ಈ ತಂಡವನ್ನು ನಾನು ಮೆಚ್ಚುವುದು, ತಾವಾಡುವ ಮಾತನ್ನು ಮನೆಯವರಿಗೆ ಬಿಡಿಸಿ ಹೇಳುವ ಅವರ ತಾಳ್ಮೆಗಾಗಿ.

ಮೊದಮೊದಲು ಆ ಮಾತುಗಳೇ ನಮಗೆ ತೊಡಕಾಗಿದ್ದವು. ಮೇಸ್ತ್ರಿ ಹಳೇ ಮೈಸೂರಿನವರು. ಕೆಲಸಗಾರರಲ್ಲಿ ಅರ್ಧದಷ್ಟು ಜನ ರಾಯಚೂರು, ಯಾದಗಿರಿ ಕಡೆಯವರು. ಇವರು ಗಾರೆಯವನು ಎನ್ನುವವನನ್ನು ಅವರು ಗೌಂಡಿ ಎನ್ನುತ್ತಾರೆ. ನಮ್ಮ ಪ್ಲಾಸ್ಟರಿಂಗ್ ಅವರಿಗೆ ಗಿಲಾವು. ಗೌಂಡಿ ಮರಾಠಿಯ ಗವಂಡಿಯಿಂದ ಬಂದದ್ದು. ಗಿಲಾವಿನಲ್ಲಿರುವ ‘ಗಿಲ್’ ಎಂದರೆ ಪಾರಸಿಯಲ್ಲಿ ಮಣ್ಣು. ಗಾರೆಯಾದರೋ ಸುಣ್ಣ, ಮರಳು ಕಲಸಿದ ಗಚ್ಚಿನ ಹೆಸರು. ಸುಣ್ಣದ ಜಾಗಕ್ಕೆ ಸಿಮೆಂಟು ಬಂದು ಎಷ್ಟೋ ಕಾಲವಾದರೂ ಹೆಸರು ಹಾಗೆಯೇ ನಿಂತಿದೆ. ಮೇಸ್ತ್ರಿ ಎಂಬುದೇ ಪೋರ್ಚುಗೀಸರ ‘ಮೆಸ್ತ್ರೆ’, ಅಂದರೆ ಕಸುಬಿನ ಗುರು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಸೆಂಟ್ರಿಂಗ್. ಕಮಾನು ಕಟ್ಟುವಾಗ, ಕಲ್ಲುಗಳು ಒಂದಕ್ಕೊಂದು ಬಿಗಿದು ನಿಲ್ಲುವ ತನಕ ಅಡಿಯಲ್ಲಿ ಆನಿಸಿಡುವ ಮರದ ಚೌಕಟ್ಟಿಗೆ ಇಂಗ್ಲಿಷಿನಲ್ಲಿದ್ದ ಆ ಹೆಸರು, ಕಮಾನೇ ಇಲ್ಲದ ನಮ್ಮ ಚಪ್ಪಟೆ ಮೋಲ್ಡಿನ (ಕಾಂಕ್ರೀಟು ಸೂರಿನ) ಹಲಗೆ, ಜಾಕಿಗಳಿಗೂ ಅಂಟಿಕೊಂಡಿದೆ.

ಮೋಲ್ಡ್ ಹಾಕಿದ ಮರುದಿನ ಬೆಳಿಗ್ಗೆ ಮೇಸ್ತ್ರಿ “ಪಾತಿ ಕಟ್ರಪ್ಪಾ” ಎಂದು ಕೂಗಿದಾಗ, ತಾರಸಿಯ ಮೇಲೆ ಯಾವ ತೋಟ ಎಂದು ನಮ್ಮ ತಾಯಿ ಅಚ್ಚರಿಪಟ್ಟರು. ಹುಡುಗರು ಮಾರಿಗೊಂದರಂತೆ ಮಣ್ಣಿನ ಬದು ಹಾಕಿ, ಕಾಂಕ್ರೀಟು ಒಣಗಿ ಬಿರಿಯದಿರಲೆಂದು, ಸೊಪ್ಪಿನ ಮಡಿಗೆ ಹಾಯಿಸುವಂತೆ ನೀರು ನಿಲ್ಲಿಸಿದರು. 14 ದಿನ ಆ ಪಾತಿಗಳು ಒಣಗದಂತೆ ನೋಡಿಕೊಂಡರು.

ಒಂದು ದೂರನ್ನು ಹೇಳಲೇಬೇಕು. ಚದರವೆಂದರೆ 100 ಚದರಡಿ ಎಂಬುದು ನಮಗೆ ತಿಳಿದಿತ್ತು. ಕಿಟಕಿಗಳ ಮೇಲಿನ ಸಜ್ಜವೂ ಆ ಲೆಕ್ಕದೊಳಗೆ ಬರುತ್ತದೆ ಎಂಬುದು ತಿಳಿದಿರಲಿಲ್ಲ. ಹಿಂದಿಯ ಛಜ್ಜಾ ಸಜ್ಜವಾದ ಬಗೆಯನ್ನು ಚೆನ್ನಾಗಿ ವಿವರಿಸಿದ ಮೇಸ್ತ್ರಿ, ಅದರ ಕೂಲಿಯ ವಿಷಯವನ್ನು ಕೊನೆಯ ಕಂತಿನವರೆಗೂ ಎತ್ತಲಿಲ್ಲ. ಎರಡು ದಿನ ಮಾತುಕತೆಯಾಗಿ, ಅರ್ಧ ಅಳತೆ ಹಿಡಿಯುವುದೆಂದು ಒಪ್ಪಿಕೊಂಡೆವು.

ಕಳೆದ ತಿಂಗಳು ಕಾಂಪೌಂಡಿನ ಕೆಲಸವನ್ನೂ ಅವರಿಗೇ ಕೊಟ್ಟಿದ್ದೇವೆ. ಈ ಸಲ ಕರಾರಿನಲ್ಲಿ, ಗೇಟಿನ ಮೇಲಿನ ಸಜ್ಜದ ಅಳತೆ ಮೊದಲ ಸಾಲಿನಲ್ಲೇ ಇದೆ.