ಹಿರಿಯರ ಆರೈಕೆ ಕೇಂದ್ರ: ಆಯಾಗಳಿಗೆ ಪೂರ್ತಿ ಅಂಕ, ಬಿಲ್ಲಿಗೆ ಇಲ್ಲ

ನಮ್ಮ ದೊಡ್ಡಮ್ಮನಿಗೆ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ. ಅವರಿಗೆ ಮಕ್ಕಳಿಲ್ಲ, ಖರ್ಚು ನಾವು ಅಕ್ಕ-ತಮ್ಮಂದಿರದ್ದು. ಕಳೆದ ವರ್ಷದಿಂದ ಬೆಂಗಳೂರಿನ ಹೊರವಲಯದ ಒಂದು ಕೇಂದ್ರದಲ್ಲಿದ್ದಾರೆ.

ಅಲ್ಲಿನ ಆಯಾಗಳ ಬಗ್ಗೆ ನನಗೆ ಒಂದೂ ದೂರಿಲ್ಲ. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಿ ಮಲಗಿಸುತ್ತಾರೆ, ಮಂಚದ ಪಕ್ಕದ ಚಾರ್ಟಿನಲ್ಲಿ ಬರೆದಿಡುತ್ತಾರೆ, ಹಾಗಾಗಿ ಬೆನ್ನು ಹುಣ್ಣಾಗುವುದಿಲ್ಲ. ಕನ್ನಡ ಬರುವ ಆಯಾ ರಾತ್ರಿ ಪಾಳಿಯಲ್ಲೂ ಇರುತ್ತಾರೆ. ಬ್ಯಾಂಕಿನ ಕೆಲಸದಲ್ಲಿದ್ದಾಗ ಇಂಗ್ಲಿಷು, ಹಿಂದಿ ಎರಡನ್ನೂ ಸಲೀಸಾಗಿ ಆಡುತ್ತಿದ್ದ ದೊಡ್ಡಮ್ಮನಿಗೆ ಈಗ ಉಳಿದಿರುವುದು ಕನ್ನಡ ಮಾತ್ರ, ಬಾತ್‌ರೂಮಿಗೆ ಹೋಗಬೇಕು ಅಂದದ್ದು ಎದುರಿನವರಿಗೆ ಅರ್ಥವಾಗದಿದ್ದರೆ ಅವರಿಗೆ ಎಷ್ಟು ಸಂಕಟ ಅಲ್ವಾ?

ಬಿಲ್ಲಿನ ಕಥೆ ಬೇರೆ. ಸೇರುವಾಗ ಹೇಳಿದ್ದು ಶೇರಿಂಗ್ ರೂಮಿಗೆ ತಿಂಗಳಿಗೆ 38,000 ರೂಪಾಯಿ. ಕೈಗೆ ಬರುವುದು 50,000 ದಾಟಿದ ಬಿಲ್ಲು. ಡೈಪರ್, ಮಾತ್ರೆ, ಫಿಸಿಯೋಥೆರಪಿ, ಡಾಕ್ಟರ್ ವಿಸಿಟ್ ಎಲ್ಲ ಪ್ರತ್ಯೇಕ. ಡೈಪರನ್ನು ನಾವೇ ಹೋಲ್‌ಸೇಲಿನಲ್ಲಿ ತಂದುಕೊಡುತ್ತೇವೆ ಅಂದರೆ ಒಪ್ಪುವುದಿಲ್ಲ. ಜ್ವರ ಬಂದು ಆಸ್ಪತ್ರೆಯಲ್ಲಿದ್ದ ದಿನಗಳಿಗೂ ಬೆಡ್ ಚಾರ್ಜು ಪೂರ್ತಿ ಹಾಕಿದರು. ಎಲ್ಲಕ್ಕಿಂತ ಜಾಸ್ತಿ ಬೇಸರವಾದದ್ದು 'ಕೇರ್ ಲೆವೆಲ್', ಅಂದರೆ ಎಷ್ಟು ಆರೈಕೆ ಬೇಕು ಅನ್ನುವುದರ ಮೇಲೆ ಹಾಕುವ ದರದ ವಿಷಯದಲ್ಲಿ. ದೊಡ್ಡಮ್ಮನ ನಡಿಗೆ ಕಡಿಮೆಯಾಯಿತು ಅಂತ ತಿಂಗಳಿಗೆ 9,000 ಏರಿಸಿದರು, ಯಾವ ಲೆಕ್ಕದಲ್ಲಿ ಅಂತ ಬರೆದುಕೊಡಿ ಅಂದರೆ ಮ್ಯಾನೇಜರ್ ಸುಮ್ನೆ ನಗುತ್ತಾರೆ. ಈ ಕಾಯಿಲೆಯಲ್ಲಿ ನಡಿಗೆ ಕಡಿಮೆಯಾಗುತ್ತಲೇ ಹೋಗುತ್ತದೆ, ಅಂದರೆ ಬಿಲ್ಲೂ ಏರುತ್ತಲೇ ಹೋಗುತ್ತದೆ.

ಇನ್ಶೂರೆನ್ಸ್ ಇದೆಯಲ್ಲ ಅಂತ ಧೈರ್ಯದಲ್ಲಿರಬೇಡಿ. ಸಾಮಾನ್ಯ ಆರೋಗ್ಯ ವಿಮೆ ಆಸ್ಪತ್ರೆಯ ಚಿಕಿತ್ಸೆಗೆ. ಊಟ ಮಾಡಿಸುವುದು, ಸ್ನಾನ ಮಾಡಿಸುವುದು ಅದರಲ್ಲಿ ಬರುವುದಿಲ್ಲ. 70 ತುಂಬಿದ ಎಲ್ಲರಿಗೂ, ಆದಾಯ ಎಷ್ಟೇ ಇರಲಿ, ವರ್ಷಕ್ಕೆ 5 ಲಕ್ಷದವರೆಗೆ ಅಂತ 2024ರಲ್ಲಿ ವಿಸ್ತರಿಸಿದ ಆಯುಷ್ಮಾನ್ ಭಾರತ್ ಕೂಡ ಆಸ್ಪತ್ರೆಗೆ ಸೇರಿದಾಗಿನ ಖರ್ಚಿಗೇ. ದೊಡ್ಡಮ್ಮನ ಪೆನ್ಷನ್ ಅರ್ಧ ಬಿಲ್ಲಿಗೆ ಸಾಲುತ್ತದೆ, ಉಳಿದದ್ದು ನಮ್ಮ ಜೇಬಿನಿಂದ.

ಯಾರನ್ನಾದರೂ ಸೇರಿಸುವ ಯೋಚನೆಯಿದ್ದರೆ ರೇಟ್ ಕಾರ್ಡ್ ನೋಡಿ ತೀರ್ಮಾನ ಮಾಡಬೇಡಿ. ನಿಮ್ಮವರಂಥದೇ ಸ್ಥಿತಿಯಲ್ಲಿರುವ ಒಬ್ಬರ ಹೋದ ತಿಂಗಳ ಬಿಲ್ಲನ್ನು ಹೆಸರು ಮುಚ್ಚಿ ತೋರಿಸಿ ಅಂತ ಕೇಳಿ. ವರ್ಷಕ್ಕೆ ಎಷ್ಟು ಏರಿಸುತ್ತಾರೆ, ಡೆಪಾಸಿಟ್ ಯಾವಾಗ ವಾಪಸ್, ಇವೆರಡೂ ಅಗ್ರಿಮೆಂಟಿನಲ್ಲೇ ಇರಲಿ. ರಾತ್ರಿ ಒಂದು ಮಹಡಿಗೆ ಎಷ್ಟು ಆಯಾಗಳು ಅಂತ ಕೇಳಿ, ಸಾಧ್ಯವಾದರೆ ರಾತ್ರಿ ಊಟದ ಹೊತ್ತಿಗೆ ಹೋಗಿ ನೋಡಿ. ವೃದ್ಧಾಶ್ರಮ, ಆರೈಕೆ ಕೇಂದ್ರಗಳ ಮಾಹಿತಿಗೆ ಹಿರಿಯರ ಸಹಾಯವಾಣಿ 14567 ಇದೆ, ಕರೆ ಉಚಿತ.

ದೊಡ್ಡಮ್ಮನನ್ನು ನಾವು ಅಲ್ಲಿಂದ ಬಿಡಿಸುವುದಿಲ್ಲ. ಆ ಆಯಾಗಳಿಗೆ ಹೊಂದಿಕೊಂಡಿದ್ದಾರೆ. 5ಕ್ಕೆ 3 ಸ್ಟಾರ್ ಕೊಡುತ್ತೇನೆ, ಕೇರ್ ಲೆವೆಲ್ ನಿಯಮವನ್ನು ಕಾಗದದಲ್ಲಿ ಕೊಟ್ಟ ದಿನ 4 ಮಾಡುತ್ತೇನೆ.