ಮಹಿಷಾಸುರನ ಮೀಸೆ ಮತ್ತು ಗೋಲ್ಡ್‌ಫೇಬರ್ ಆಕ್ವಾ ಪೆನ್ಸಿಲ್
ಫೇಬರ್-ಕ್ಯಾಸ್ಟೆಲ್ ಕಂಪನಿಯ ಗೋಲ್ಡ್‌ಫೇಬರ್ ಆಕ್ವಾ ವಾಟರ್‌ಕಲರ್ ಪೆನ್ಸಿಲ್, 24 ಬಣ್ಣದ ಡಬ್ಬಿ. ಇದ್ರಲ್ಲಿ ಚಾಮುಂಡಿ ಬೆಟ್ಟದ ಮಹಿಷಾಸುರನ್ನ ಬರೆದೆ, ಇದ್ದ ಹಾಗಲ್ಲ, ನನ್ನ ಮನಸ್ಸಿಗೆ ಬಂದ ಹಾಗೆ. ಬಲಗೈಲಿ ಕತ್ತಿ ಬದ್ಲು ದೋಸೆ ಮಗುಚೋ ಸಟ್ಟುಗ, ಎಡಗೈಲಿರೋ ನಾಗರಹಾವಿನ ಹೆಡೆಗೆ ಮೈಸೂರು ಪೇಟ, ಮೀಸೆ ಎರಡೂ ಕಡೆ ಉದ್ದಕ್ಕೆ ಚಾಚ್ಕೊಂಡು ಅದ್ರ ಮೇಲೆ ಗುಬ್ಬಿಗಳ ಸಾಲು. ಆ ಪ್ರತಿಮೆ ಅಷ್ಟು ಬಣ್ಣಬಣ್ಣವಾಗಿದೆ, ಕಣ್ಣು ಅಷ್ಟು ದೊಡ್ಡದಿದೆ, ಮಕ್ಕಳು ಹೆದರೋ ಬದ್ಲು ಮುಂದೆ ನಿಂತು ಫೋಟೋ ತೆಗೆಸ್ಕೊಳ್ತಾರೆ, ಅಂಥವನ್ನ ಬರೆಯೋಕೆ ಖುಷಿಯೋ ಖುಷಿ.

ಈ ಕೆಲ್ಸಕ್ಕೆ ವಾಟರ್‌ಕಲರ್ ಪೆನ್ಸಿಲ್‌ಗಿಂತ ಒಳ್ಳೇದು ಬೇರೆ ಇಲ್ಲ ಅಂತೀನಿ. ಮುಖಕ್ಕೆ ಹಳದಿ, ಅದ್ರ ಮೇಲೆ ಕಂದು, ಎರಡನ್ನೂ ಹಗುರವಾಗಿ ಉಜ್ಜಿ ಒದ್ದೆ ಬ್ರಶ್ ಆಡಿಸಿದ್ರೆ ಗೆರೆ ಕರಗಿ ಮೈ ಉಬ್ಬಿ ಬರುತ್ತೆ, ಕೆನ್ನೆ ಹೊಳಪು ಬೇಕಂದ್ರೆ ಅಲ್ಲೇ ಟಿಶ್ಯೂ ಒತ್ತಿ ಬಣ್ಣ ಎತ್ಕೋಬಹುದು. ಮೀಸೆ ಮಾತ್ರ ಪೂರ್ತಿ ಒಣಗಿದ ಮೇಲೇ, ನೀರು ಮುಟ್ಟಿಸ್ದೆ ಕಪ್ಪು ಪೆನ್ಸಿಲ್ಲಲ್ಲಿ ಒಂದೊಂದೇ ಕೂದ್ಲು ಎಳೀಬೇಕು. ಹಾವಿನ ಹುರುಪೆಗೆ ಪೆನ್ಸಿಲ್ ಮೊನೆಯನ್ನೇ ನೀರಲ್ಲಿ ಅದ್ದಿ ಗೆರೆ ಎಳೀರಿ, ದಟ್ಟ ಹಸಿರು ಬರುತ್ತೆ!

ಒಂದು ವಿಷ್ಯ ಗಮನದಲ್ಲಿರ್ಲಿ, ಇಂಥ ಪೆನ್ಸಿಲ್‌ಗಳ ಬಣ್ಣ ಒಣಗಿದ್ಮೇಲೂ ನೀರು ತಾಗಿದ್ರೆ ಮತ್ತೆ ಕರಗುತ್ತೆ, ಅದ್ಕೇ ತಿಳಿ ಬಣ್ಣ ಮೊದ್ಲು, ಗಾಢ ಕೊನೇಲಿ. ಕರಗಲೇಬಾರ್ದು ಅನ್ನೋರಿಗೆ ಡರ್ವೆಂಟ್ ಕಂಪನಿಯ ಇಂಕ್‌ಟೆನ್ಸ್ ಪೆನ್ಸಿಲ್ ಇದೆ, ಅದು ಇಂಕಿನ ಥರ, ಒಮ್ಮೆ ನೀರಲ್ಲಿ ಪೂರ್ತಿ ಕರಗಿಸಿ ಒಣಗಿಸಿದ್ರೆ ಕದಲಲ್ಲ, ಚಿತ್ರದಲ್ಲಿರೋ ಬಟ್ಟೆಗೆ, ಪೇಟಕ್ಕೆ ಚೆನ್ನಾಗಿರುತ್ತೆ, ಆದ್ರೆ ಮುಖಕ್ಕೆ ನಾನು ಬಳಸಲ್ಲ, ಹೊಳಪಿಗೆ ಅಂತ ಆಮೇಲೆ ಬಣ್ಣ ಎತ್ತೋಕಾಗಲ್ಲ. ಹೆಸ್ರಿಲ್ಲದ ಅಗ್ಗದ ಸೆಟ್ಟೊಂದು ಮನೇಲಿತ್ತು, ಎಷ್ಟು ನೀರು ಹಾಕಿದ್ರೂ ಗೆರೆ ಹಂಗೇ ನಿಲ್ತಿತ್ತು, ಅಂಥದ್ದಕ್ಕೆ ದುಡ್ಡು ಹಾಕ್ಬೇಡಿ.

48ರ ಡಬ್ಬಿ ಬೇಕಾಗಿಲ್ಲ, 24 ಧಾರಾಳ ಸಾಕು, ಉಳಿದ ದುಡ್ಡಿಗೆ 300 ಜಿಎಸ್‌ಎಂ ಕೋಲ್ಡ್ ಪ್ರೆಸ್ ಪೇಪರ್, ಅಂದ್ರೆ ದಪ್ಪಗೆ ಸ್ವಲ್ಪ ತರಿತರಿ ಇರೋ ಕಾಗದ, ತಗೊಳ್ಳಿ. ಮಾಮೂಲಿ ಡ್ರಾಯಿಂಗ್ ಬುಕ್ ನೀರು ಬಿದ್ದ ತಕ್ಷಣ ಸುಕ್ಕಾಗುತ್ತೆ. ಬೆಟ್ಟದಲ್ಲೇ ಕೂತು ಬರೆಯೋರು ಹಿಡಿಯೊಳಗೇ ನೀರು ತುಂಬೋ ವಾಟರ್ ಬ್ರಶ್ ಒಯ್ಯಿರಿ, ಬೆಳಿಗ್ಗೆ ಬೇಗ ಹೋಗಿ, ಆಮೇಲೆ ಜನ ಸುತ್ಕೋತಾರೆ.

ಮುಂದಿನದು ಮೆಟ್ಟಿಲ ದಾರಿಲಿರೋ ದೊಡ್ಡದೇವರಾಜ ಒಡೆಯರ ಕಾಲದ ಏಕಶಿಲೆ ನಂದಿ, ಕುತ್ತಿಗೆಯ ಗಂಟೆಗಳ ಜಾಗದಲ್ಲಿ ನಂಜನಗೂಡು ರಸಬಾಳೆ ಗೊನೆ ನೇತುಹಾಕೋ ಪ್ಲಾನಿದೆ. ಆ ಕರೀ ಮೈಗೆ ಬರೀ ಕಪ್ಪು ಪೆನ್ಸಿಲ್ ಬಳಿದ್ರೆ ಜೀವ ಇರಲ್ಲ, ಕಡುನೀಲಿ ಮೇಲೆ ಕಂದು ಉಜ್ಜಿ ಕರಗಿಸಿ ನೋಡಿ.